ಓಟು ಬೀಳದ ಚುನಾವಣೆಗಳು

ಶಾಲಾ ಕಚೇರಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ನನಗೆ ಫೋನು ಮಾಡುತ್ತಾರೆ. ಮೊದಲು ರಜೆಯ ವಿಷಯ, ಆಮೇಲೆ ವೀಸಾದ ವಿಷಯ, ಕೊನೆಗೆ ದನಿ ತಗ್ಗಿಸಿ, ಈ ಚುನಾವಣೆಯ ಕೆಲಸ ತುಂಬ ಕಷ್ಟವಾ ಮೇಡಂ ಎಂಬ ಪ್ರಶ್ನೆ. ಕಷ್ಟವೇನೂ ಇಲ್ಲ. ಮೂರು ತಿಂಗಳು ತಲೆ ಕೆಡಿಸಿಕೊಂಡು ಸಿದ್ಧತೆ ಮಾಡಬೇಕು. ಕೊನೆಗೆ ಮಾಡಿದ್ದನ್ನೆಲ್ಲ ಕಟ್ಟಿ ಒಳಗಿಡಬೇಕು. ನಾನು ಮಸ್ಕತ್ತಿನ ಒಂದು ಭಾರತೀಯ ಶಾಲೆಯ ಕಚೇರಿಗೆ ಟೈಪಿಸ್ಟಾಗಿ ಸೇರಿ ಸೂಪರಿಂಟೆಂಡೆಂಟಾಗಿ ಹೊರಬಂದವಳು. ನಡುವೆ ಏನೇನು ಹುದ್ದೆ ಸಿಕ್ಕಿತು ಎನ್ನುವುದು ಯಾರಿಗೂ ಬೇಡದ ಸಂಗತಿ. ಆದರೆ ಅಷ್ಟು ವರ್ಷಗಳಲ್ಲಿ ಎರಡು ವರ್ಷಕ್ಕೊಮ್ಮೆ ಬಂದ ಆಡಳಿತ ಸಮಿತಿಯ ಚುನಾವಣೆಗಳನ್ನೆಲ್ಲ ನಾನೇ ನಡೆಸಿಕೊಟ್ಟೆ, ಒಂದರಲ್ಲೂ ಒಂದು ಓಟು ಬೀಳಲಿಲ್ಲ ಎನ್ನುವುದನ್ನು ಮಾತ್ರ ಹೇಳಲೇಬೇಕು. ಶಾಲೆಯ ಹೆಸರು ಬೇಡ. ಅದೇ ಊರಿನಲ್ಲಿ, ಅಲ್ ಗುಬ್ರಾದ ಫ್ಲಾಟಿನಲ್ಲಿ, ಗಂಡನ ವೀಸಾದ ಮೇಲೆ ಇನ್ನೂ ಇರುವವಳು ನಾನು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇಲ್ಲಿನ ನಮ್ಮ ಶಾಲೆಗಳನ್ನು ಮಕ್ಕಳ ಪಾಲಕರೇ ಆರಿಸಿದ ಸಮಿತಿ ನಡೆಸಬೇಕು. ನಮ್ಮ ಶಾಲೆಯಲ್ಲಿ ಐದು ಸ್ಥಾನ, ಒಂದು ಮನೆಗೆ ಒಂದು ಓಟು. ಯಾರಿಗೆ ಓಟಿದೆಯೋ ಅವರೇ ನಿಲ್ಲಬಹುದು. ಒಬ್ಬ ಸೂಚಕ, ಒಬ್ಬ ಅನುಮೋದಕ ಸಹಿ ಹಾಕಿದ ನಾಮಪತ್ರ ಕೊಡಬೇಕು. ಪಾಲಕರಲ್ಲೇ ಒಬ್ಬ ಹಿರಿಯರನ್ನು ಚುನಾವಣಾಧಿಕಾರಿ ಎಂದು ನೇಮಿಸುತ್ತಾರೆ, ಅವರಿಗೆ ಕೈಕಾಲು ನಾನು. ಐದಕ್ಕಿಂತ ಹೆಚ್ಚು ಜನ ನಿಂತರೆ ಅಭ್ಯರ್ಥಿಗಳೆಲ್ಲ ಒಂದು ಸಂಜೆ ಸಭಾಂಗಣದಲ್ಲಿ ಪಾಲಕರ ಮುಂದೆ ಕೂತು ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಆಮೇಲೆ ಓಟು. ಐದೇ ಜನ ನಿಂತರೆ ಆ ಸಭೆಯೂ ಇಲ್ಲ, ಓಟೂ ಇಲ್ಲ. ಓದಲು ಬಹಳ ಚೆನ್ನಾಗಿದೆ. ನಿಯಮಾವಳಿಯನ್ನು ಸ್ಟೆನ್ಸಿಲ್ ಕೊರೆದು ಕಾಪಿ ತೆಗೆದವಳು ನಾನೇ, ಆದ್ದರಿಂದ ಬಾಯಿಪಾಠ ಬರುತ್ತದೆ.

ನಾನು ಸೇರಿದ ಹೊಸತರಲ್ಲಿ ಒಂದು ಮತಪೆಟ್ಟಿಗೆ ಮಾಡಿಸಿದರು. ರೂವಿಯ ಬಡಗಿಯೊಬ್ಬನನ್ನು ಹುಡುಕಿ, ತೇಗದ ಮರವೇ ಆಗಬೇಕೆಂದು ಹಠ ಹಿಡಿದು, ಹಿತ್ತಾಳೆಯ ಬೀಗ ಹಾಕಿಸಿ, ಮೇಲೆ ಕಾಗದ ತೂರಿಸುವ ಸೀಳು ಕೊರೆಸಿ ತಂದದ್ದು. ಮೊದಲ ಚುನಾವಣೆ ಅವಿರೋಧವಾಯಿತು. ಪೆಟ್ಟಿಗೆ ಸುಮ್ಮನೆ ಯಾಕೆ ಇರಬೇಕೆಂದು ವಾರ್ಷಿಕೋತ್ಸವದ ಲಕ್ಕಿ ಡ್ರಾಗೆ ಬಳಸಿದರು. ಮುಂದೆ ಅದು ಸಲಹಾ ಪೆಟ್ಟಿಗೆಯಾಗಿ ಮೆಟ್ಟಿಲ ಕೆಳಗೆ ಕೂತಿತು. ಮಕ್ಕಳು ಅದರೊಳಗೆ ಚಾಕಲೇಟು ಕಾಗದ ಹಾಕುತ್ತಿದ್ದರು. ನಾಲ್ಕನೆಯ ಚುನಾವಣೆಯ ಹೊತ್ತಿಗೆ ಬೀಗದ ಕೈ ಕಳೆದುಹೋಗಿತ್ತು, ಹೊಸದು ಮಾಡಿಸಬೇಕೆಂದು ನಾನು ಟಿಪ್ಪಣಿ ಇಟ್ಟೆ. ಆಗಿನ ಪ್ರಿನ್ಸಿಪಾಲರು ಅದರ ಅಂಚಿನಲ್ಲಿ, ಅಗತ್ಯ ಬಿದ್ದಾಗ ನೋಡೋಣ ಎಂದು ಬರೆದರು. ನನಗೆ ಸಿಟ್ಟು ಬಂದದ್ದು ಅವರ ಮಾತು ಸರಿ ಇತ್ತಲ್ಲ ಎಂದು.

ಅದೇ ಪ್ರಿನ್ಸಿಪಾಲರು ಫಲಿತಾಂಶ ಪ್ರಕಟವಾದ ಮರುದಿನ ಬೆಳಗಿನ ಅಸೆಂಬ್ಲಿಯಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ನಿಮ್ಮ ತಂದೆತಾಯಂದಿರು ತಮ್ಮ ಅಮೂಲ್ಯ ಹಕ್ಕನ್ನು ಚಲಾಯಿಸಿದ್ದಾರೆ ಎನ್ನುವ ವಾಕ್ಯ ಪ್ರತಿ ಸಲ ಇರುತ್ತಿತ್ತು. ಭಾಷಣ ಟೈಪು ಮಾಡುತ್ತಿದ್ದವಳು ನಾನು. ಒಮ್ಮೆ ಧೈರ್ಯ ಮಾಡಿ, ಸರ್, ಯಾರೂ ಏನೂ ಚಲಾಯಿಸಿಲ್ಲವಲ್ಲ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಮಕ್ಕಳಿಗೆ ಅಷ್ಟೆಲ್ಲ ವಿವರ ಬೇಕಾಗಿಲ್ಲ ಎಂದರು. ನಾನು ಆ ವಾಕ್ಯವನ್ನು ಹಾಗೇ ಟೈಪು ಮಾಡಿದೆ.

ಅವಿರೋಧ ಆಯ್ಕೆ ತಾನಾಗಿ ಆಗುವುದಲ್ಲ. ಅದಕ್ಕೂ ಮೈ ಮುರಿದು ದುಡಿಯುವವರು ಬೇಕು. ಐದು ಸ್ಥಾನವನ್ನು ಹಿರಿಯರು ಯಾವ ಕಾಲದಲ್ಲೋ ಹಂಚಿಕೊಂಡಿದ್ದರು: ಕೇರಳದವರಿಗೆ ಎರಡು, ತಮಿಳರಿಗೂ ತೆಲುಗರಿಗೂ ಸೇರಿ ಒಂದು, ಉತ್ತರದವರಿಗೆ ಒಂದು, ನಮ್ಮವರಿಗೆ ಒಂದು. ಇದು ಯಾವ ಕಾಗದದಲ್ಲೂ ಇಲ್ಲ. ನಾಮಪತ್ರ ಕೊಡುವ ವಾರದ ಶುಕ್ರವಾರ ಮಧ್ಯಾಹ್ನ ಯಾರದೋ ವಿಲ್ಲಾದಲ್ಲಿ ಊಟ ಇರುತ್ತಿತ್ತು. ಬಿರಿಯಾನಿ ಮುಗಿಯುವಷ್ಟರಲ್ಲಿ ಸಮಿತಿ ತಯಾರು. ಎಲ್ಲೋ ಒಬ್ಬ ಹೊಸಬ ಹುರುಪಿನಲ್ಲಿ ನಾಮಪತ್ರ ಹಾಕಿಬಿಟ್ಟರೆ ಅವನ ಫೋನು ಬಿಸಿಯಾಗುವವರೆಗೆ ಕರೆ ಹೋಗುತ್ತಿತ್ತು. ಅವನ ಕಂಪನಿಯ ಮ್ಯಾನೇಜರು, ಅವನ ಜಿಲ್ಲಾ ಸಂಘದ ಅಧ್ಯಕ್ಷರು, ಅವನನ್ನು ಈ ದೇಶಕ್ಕೆ ಕರೆತಂದ ಭಾವ, ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಪರದೇಶದಲ್ಲಿ ನಮ್ಮ ನಮ್ಮೊಳಗೆ ಜಗಳ ಯಾಕೆ. ವಾಪಸು ಪಡೆಯುವ ಕೊನೆಯ ದಿನ ಅವನು ಕಚೇರಿಗೆ ಬಂದು, ನನ್ನ ಕಣ್ಣು ತಪ್ಪಿಸಿ, ವೈಯಕ್ತಿಕ ಕಾರಣ ಎಂದು ಬರೆದು ಸಹಿ ಹಾಕಿ ಹೋಗುತ್ತಿದ್ದ. ವೈಯಕ್ತಿಕ ಕಾರಣದ ಕಾಗದಗಳಿಗೆಂದೇ ನನ್ನ ಹತ್ತಿರ ಒಂದು ಫೈಲು ಇತ್ತು, ಅದು ಒಳ್ಳೆ ದಪ್ಪವಾಗಿತ್ತು.

ನಮ್ಮವರ ಸ್ಥಾನ ರಘುರಾಮಣ್ಣನದು. ಸುರತ್ಕಲ್ ಕಡೆಯವರು, ಕಟ್ಟಡ ಸಾಮಗ್ರಿಯ ವ್ಯಾಪಾರ. ಅವರನ್ನು ಕೆಟ್ಟವರು ಎಂದು ಬರೆದರೆ ನನ್ನ ಕೈ ಬಿದ್ದುಹೋಗಬೇಕು. ಯಾರ ಮನೆಯಲ್ಲಿ ಸಾವಾದರೂ ಶವ ಊರಿಗೆ ಕಳಿಸುವ ಕಾಗದಪತ್ರಕ್ಕೆ ಮೊದಲು ಓಡುವವರು ಅವರೇ. ಕೆಲಸ ಹೋದವನಿಗೆ ವೀಸಾ ಕೊಡುವ ಹೊಸ ಕಫೀಲನನ್ನು ಹುಡುಕಿಕೊಡುವವರೂ ಅವರೇ. ಹಾಗಾಗಿ ಅವರ ಎದುರು ನಿಲ್ಲಲು ಯಾರಿಗೂ ಮುಖ ಇರಲಿಲ್ಲ. ಸಮಿತಿಯಲ್ಲಿರಲು ಮಗು ಶಾಲೆಯಲ್ಲಿ ಓದುತ್ತಿರಬೇಕು ಎಂಬ ನಿಯಮವಿತ್ತು. ಅವರ ಮೊದಲ ಇಬ್ಬರು ಮಕ್ಕಳು ಪಾಸಾಗಿ ಹೋದರು, ಈಗ ರಘುರಾಮಣ್ಣನ ಕಾಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮೂರನೆಯದು ಕೆಜಿಗೆ ಸೇರಿತು. ಆ ಮಗು ಹನ್ನೆರಡನೆಯ ತರಗತಿ ಮುಗಿಸುವವರೆಗೆ ಅವರನ್ನು ಅಲ್ಲಾಡಿಸುವಂತಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ನಕ್ಕು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು.

ನನ್ನ ಎಡವಟ್ಟುಗಳನ್ನೂ ಹೇಳಬೇಕು. ಒಮ್ಮೆ, ಇಮೇಲ್ ಹೊಸದಾಗಿ ಬಂದ ಕಾಲದಲ್ಲಿ, ಮತದಾನ ಶನಿವಾರ ಬೆಳಿಗ್ಗೆ ಎಂಟರಿಂದ ಸಂಜೆ ಐದು ಎಂಬ ಸೂಚನೆಯನ್ನು ಎಲ್ಲ ಪಾಲಕರಿಗೂ ಕಳಿಸಿದೆ. ಗುರುವಾರ ಎಲ್ಲ ಅವಿರೋಧವಾಯಿತು. ಮತದಾನ ಇಲ್ಲ ಎಂಬ ಎರಡನೆಯ ಸೂಚನೆ ಕಳಿಸಲು ಮರೆತೆ. ಯಾರು ಬರುತ್ತಾರೆ ಎಂಬ ಉಡಾಫೆಯೂ ಇತ್ತು ಎಂದಿಟ್ಟುಕೊಳ್ಳಿ. ಶನಿವಾರ ಹಳೆಯ ಫೈಲು ಜೋಡಿಸಲು ಹೋಗಿದ್ದೆ. ಬಾಗಿಲಲ್ಲಿ ಬೈಂದೂರು ಕಡೆಯ ನಾರಾಯಣ ನಿಂತಿದ್ದರು. ನಿಜ್ವಾದಲ್ಲಿ ಕೆಫೆಟೇರಿಯಾ ನಡೆಸುವವರು, ಹೆಂಡತಿ ಮಕ್ಕಳು ಮಾತ್ರ ಮಸ್ಕತ್ತಿನಲ್ಲಿ. ಬೆಳಗಿನ ವ್ಯಾಪಾರ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದಿದ್ದರು. ರೆಸಿಡೆಂಟ್ ಕಾರ್ಡನ್ನು ಆಗಲೇ ಕೈಯಲ್ಲಿ ಹಿಡಿದಿದ್ದರು. ಓಟು ಇಲ್ಲ ಎಂದು ನಾನು ವಿವರಿಸಿದೆ. ಅವರು ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೇಳಿದರು:

"ಊರಲ್ಲಿ ಓಟಿಗೆ ಹೋಪುಕೆ ರಜೆ ಸಿಕ್ಕುದಿಲ್ಲ. ಇಲ್ಲಾದ್ರೂ ಒಂದು ಹಾಕುವ ಅಂದ್ಕಂಡಿದ್ದೆ ಮೇಡಂ."

ನಾನು ಚಹಾ ಮಾಡಿಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು, ಮತ್ತೆ ನಿಜ್ವಾಕ್ಕೆ ಹೊರಟರು. ಅವರು ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು. ಆಮೇಲೆ ನಾನು ಎರಡನೆಯ ಸೂಚನೆಯನ್ನು ಮೊದಲೇ ಟೈಪು ಮಾಡಿ ಇಟ್ಟುಕೊಳ್ಳುತ್ತಿದ್ದೆ. ಚುನಾವಣೆ ಘೋಷಣೆಯಾದ ದಿನವೇ, ಎಲ್ಲರೂ ಅವಿರೋಧವಾಗಿ ಆಯ್ಕೆಯಾಗಿದ್ದಾರೆ ಎಂಬ ಕಾಗದ ನನ್ನ ಡ್ರಾಯರಿನಲ್ಲಿ ಸಿದ್ಧವಾಗಿರುತ್ತಿತ್ತು. ಹೆಸರುಗಳನ್ನೂ ಬದಲಾಯಿಸಬೇಕಾಗುತ್ತಿರಲಿಲ್ಲ. ಇದನ್ನು ದಕ್ಷತೆ ಎಂದುಕೊಂಡಿದ್ದೆ.

ಕೆಲಸದ ರೀತಿ ಬದಲಾದದ್ದು ಸಾಫ್ಟ್‌ವೇರ್ ಬಂದ ಮೇಲೆ. ಅದಕ್ಕೂ ಮೊದಲು ಪ್ರವೇಶದ ಅರ್ಜಿ ನೋಡಿ ದೊಡ್ಡ ರಿಜಿಸ್ಟರಿನಲ್ಲಿ ಮಗುವಿನ ಹೆಸರು, ಪಾಲಕರ ಹೆಸರು ಬರೆಯುತ್ತಿದ್ದೆವು. ಪಾಲಕರು ಎಂದರೆ ಅಪ್ಪ. ಅರ್ಜಿಯಲ್ಲಿ ಯಾರ ಹೆಸರು ಮೊದಲಿರಲಿ, ಯಾರು ಸಹಿ ಮಾಡಿರಲಿ, ರಿಜಿಸ್ಟರಿಗೆ ಅಪ್ಪನ ಹೆಸರೇ ಹೋಗಬೇಕು. ನನಗೆ ಹಾಗೆ ಕಲಿಸಿದ್ದರು. ಮಗುವಿನ ವೀಸಾ ಹೆಚ್ಚಾಗಿ ಅಪ್ಪನ ಹೆಸರಿನಲ್ಲಿ ಇರುತ್ತಿದ್ದದ್ದರಿಂದ ಅದು ಸಲೀಸೂ ಆಗಿತ್ತು. ಕಂಪ್ಯೂಟರು ಬಂದಾಗ ಪಾಲಕರು ಎಂಬ ಚೌಕದಲ್ಲಿ ಒಂದೇ ಹೆಸರಿಗೆ ಜಾಗ. ನಾನು ನನ್ನ ಕೈಕೆಳಗಿನ ಹುಡುಗಿಯರಿಗೂ ಹಾಗೇ ಕಲಿಸಿದೆ. ಅಮ್ಮ ತನ್ನ ಹೆಸರನ್ನು ಮೊದಲು ಬರೆದಿದ್ದರೆ ನಾನು ಪೆನ್ಸಿಲಿನಲ್ಲಿ ಎರಡು ಬಾಣ ಹಾಕಿ, ಅಪ್ಪನನ್ನು ಮೇಲೆ, ಅಮ್ಮನನ್ನು ಕೆಳಗೆ ಮಾಡಿ ಎಂಟ್ರಿಗೆ ಕೊಡುತ್ತಿದ್ದೆ. ನಾನೂ ಒಬ್ಬಳು ಅಮ್ಮ, ಮನೆಯ ಮುಕ್ಕಾಲು ಪಾಲು ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಆದರೂ ಒಂದು ದಿನವೂ ಕೈ ತಡೆಯಲಿಲ್ಲ. ಮತದಾರರ ಪಟ್ಟಿ ಆ ಚೌಕದಿಂದಲೇ ತಯಾರಾಗುತ್ತಿತ್ತು ಎನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಈಗ ಝೊಹರಾಳ ವಿಷಯ. ಉಪ್ಪಿನಂಗಡಿಯ ಬ್ಯಾರಿ ಹೆಣ್ಣು, ಇಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವಳದು ಸ್ವಂತ ಕೆಲಸದ ವೀಸಾ. ಗಂಡ ಇಸ್ಮಾಯಿಲ್ ದೂರದ ಖಸಬ್‌ನಲ್ಲಿ ಮೀನು ಸಾಗಿಸುವ ಕಂಪನಿಯೊಂದರಲ್ಲಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರುತ್ತಿದ್ದ. ಮಗಳು ಅಫ್ರಾಗೆ ಆಗ ಹತ್ತು ವರ್ಷ. ಚುರುಕಿನ ಮಗು, ಆದರೆ ಅಕ್ಷರ ಅವಳ ಕಣ್ಣಿನಲ್ಲಿ ನಿಲ್ಲುತ್ತಿರಲಿಲ್ಲ. ಮೂರು ಶಾಲೆ ಸುತ್ತಿ ನಮ್ಮಲ್ಲಿಗೆ ಬಂದದ್ದು ನಮ್ಮಲ್ಲಿ ಒಂದು ರಿಸೋರ್ಸ್ ರೂಮು ಇತ್ತೆಂದು. ಓದಲು ಕಷ್ಟಪಡುವ ಏಳೆಂಟು ಮಕ್ಕಳು ದಿನಕ್ಕೆ ಎರಡು ಪೀರಿಯಡ್ ಅಲ್ಲಿ ಕೂತು, ಒಬ್ಬ ತಾಳ್ಮೆಯ ಟೀಚರ ಹತ್ತಿರ ನಿಧಾನವಾಗಿ ಕಲಿಯುತ್ತಿದ್ದರು. ಬಂದ ವರ್ಷ ತನ್ನ ಹೆಸರನ್ನೂ ಬರೆಯಲು ಬಾರದ ಹುಡುಗಿ ಮೂರನೆಯ ವರ್ಷ ನೋಟಿಸ್ ಬೋರ್ಡಿನ ಮುಂದೆ ನಿಂತು, ಬೆರಳಿಟ್ಟು ಒಂದೊಂದೇ ಪದ ಓದುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಊಟದ ಹೊತ್ತಿಗೆ ಕಚೇರಿಗೆ ಬಂದು, ಇವತ್ತು ಐ ರೆಡ್ ಹೋಲ್ ಪೇಜ್ ಮ್ಯಾಮ್ ಎಂದು ಹೇಳಿ ಓಡುತ್ತಿದ್ದಳು.

ಆ ವರ್ಷ ಸಮಿತಿ ರಿಸೋರ್ಸ್ ರೂಮನ್ನು ಮುಚ್ಚಿ, ಏಪ್ರಿಲ್ಲಿನಿಂದ ಅಲ್ಲಿ ರೋಬೋಟಿಕ್ಸ್ ಲ್ಯಾಬ್ ಮಾಡುವುದೆಂದು ತೀರ್ಮಾನಿಸಿತು. ಬೇರೆ ಶಾಲೆಗಳಲ್ಲೆಲ್ಲ ಅಂಥ ಲ್ಯಾಬ್ ಬಂದಿದೆ, ನಮ್ಮಲ್ಲಿಲ್ಲ ಎಂಬುದೇ ಕಾರಣ. ಏಳೆಂಟು ಮಕ್ಕಳಿಗಾಗಿ ಒಂದು ಕೋಣೆ ಕಟ್ಟಿಹಾಕುವುದು ಸರಿಯಲ್ಲ ಎಂದು ನಡಾವಳಿಯಲ್ಲಿ ಬರೆದರು. ಝೊಹರಾ ಪತ್ರ ಬರೆದಳು, ಪ್ರಿನ್ಸಿಪಾಲರನ್ನು ಕಂಡಳು, ರಘುರಾಮಣ್ಣನ ಅಂಗಡಿಗೂ ಹೋದಳು. ಎಲ್ಲರೂ ನೋಡೋಣ ಎಂದರು. ರೂಮು ಹೋದರೆ ಅಫ್ರಾಳನ್ನು ಊರಿಗೆ ಅಜ್ಜಿಯ ಹತ್ತಿರ ಕಳಿಸದೆ ದಾರಿ ಇರಲಿಲ್ಲ. ಪುತ್ತೂರಿನಲ್ಲಿ ಅಂಥ ಮಕ್ಕಳಿಗೆ ಕಲಿಸುವವರು ಒಬ್ಬರಿದ್ದರು, ಇಲ್ಲಿ ಬೇರೆ ಯಾವ ಶಾಲೆಯೂ ಅವಳನ್ನು ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಝೊಹರಾ ಕೆಲಸ ಬಿಟ್ಟು ಮಗಳೊಟ್ಟಿಗೆ ಹೋಗುವ ಸ್ಥಿತಿಯಲ್ಲೂ ಇರಲಿಲ್ಲ. ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು.

ನಾಮಪತ್ರ ಕೊಡುವ ಕೊನೆಯ ದಿನ, ಕಚೇರಿ ಮುಚ್ಚಲು ಅರ್ಧ ಗಂಟೆ ಇರುವಾಗ ಅವಳು ಬಂದಳು. ಕ್ಲಿನಿಕ್ಕಿನ ಬಿಳಿ ಕೋಟು ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು. ಸೂಚಕ ಒಬ್ಬ ಮಲಯಾಳಿ ನರ್ಸಿನ ಗಂಡ, ಅನುಮೋದಕ ರಿಸೋರ್ಸ್ ರೂಮಿನ ಇನ್ನೊಂದು ಮಗುವಿನ ಅಪ್ಪ. ನಾನು ಅವಳನ್ನು ಕೂರಿಸಿ, ರಘುರಾಮಣ್ಣನ ಎದುರು ನಿಂತು ಗೆಲ್ಲಲಿಕ್ಕಾಗುವುದಿಲ್ಲ ಎಂದು ಬುದ್ಧಿ ಹೇಳಿದೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ಅರ್ಧ ತುಳು, ಅರ್ಧ ಕನ್ನಡ.

"ನಂಗೆ ಗೆಲ್ಲುದು ಬೇಡ ಅಕ್ಕ," ಎಂದಳು. "ಆರು ಜನ ಆದ್ರೆ ಆ ಸಭೆ ಮಾಡ್ಲೇಬೇಕಲ್ವಾ. ಎಲ್ಲರ ಎದುರು ಮೈಕ್ ಹಿಡ್ಕೊಂಡು ಆ ರೂಮು ಯಾಕೆ ಮುಚ್ಚುದು ಅಂತ ಅವ್ರು ಹೇಳ್ಲಿ. ಹೇಳ್ಲಿಕ್ಕೆ ಬಾಯಿ ಬರ್ತದಾ ನೋಡುವ."

ನಿಯಮಾವಳಿಯನ್ನು ನನಗಿಂತ ಚೆನ್ನಾಗಿ ಓದಿದ್ದಳು. ನನಗೆ ನಿಜವಾಗಿಯೂ ಖುಷಿಯಾಯಿತು. ಸ್ವೀಕೃತಿ ಚೀಟಿ ಬರೆದು, ಸೀಲು ಒತ್ತಿ, ಅದರ ಮೇಲೆ ಆರು ಎಂದು ಸಂಖ್ಯೆ ಹಾಕಿದೆ. ಮತಪತ್ರ ಎಷ್ಟು ಅಚ್ಚು ಹಾಕಿಸಬೇಕು ಎಂದು ಲೆಕ್ಕ ಹಾಕುತ್ತಾ ಮನೆಗೆ ಹೋದೆ.

ಮನೆಗೆ ಮುಟ್ಟುವ ಮೊದಲೇ ರಘುರಾಮಣ್ಣನ ಫೋನು. ಬೆದರಿಸುವ ಮನುಷ್ಯ ಅಲ್ಲ ಅವರು. ಸುಮತಿಯಕ್ಕ, ಆ ಹೆಣ್ಣಿಗೆ ಹೇಳಿ, ಮಗುವಿಗೆ ಮನೆಯಲ್ಲಿ ಟ್ಯೂಷನ್ ವ್ಯವಸ್ಥೆ ನಾನೇ ಮಾಡಿಕೊಡುತ್ತೇನೆ, ಗಲಾಟೆ ಬೇಡ ಎಂದರು. ಹೇಳಿ ನೋಡುತ್ತೇನೆ ಎಂದೆ. ಕೊನೆಗೆ, ನಿಮ್ಮ ಎಕ್ಸ್‌ಟೆನ್ಷನ್ ಅರ್ಜಿ ಹೊಸ ಸಮಿತಿಯ ಮೊದಲ ಮೀಟಿಂಗಿಗೆ ಬರುತ್ತದೆ, ಚಿಂತೆ ಮಾಡಬೇಡಿ ಎಂದರು. ನನಗೆ ಅರವತ್ತು ತುಂಬುತ್ತಿತ್ತು, ಇನ್ನೊಂದು ವರ್ಷ ಮುಂದುವರಿಸಿ ಎಂದು ನಾನು ಬರೆದುಕೊಟ್ಟಿದ್ದೆ. ಅವರು ಆ ಎರಡು ಮಾತನ್ನು ಬೇಕೆಂದೇ ಜೋಡಿಸಿದರೋ, ಸಹಜವಾಗಿ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ತಲೆಯೊಳಗಂತೂ ಎರಡೂ ಜೋಡಿಕೊಂಡವು.

ಮರುದಿನ ಪರಿಶೀಲನೆ. ಮೊದಲ ಮಹಡಿಯ ಮೀಟಿಂಗ್ ರೂಮಿನಲ್ಲಿ ಚುನಾವಣಾಧಿಕಾರಿ ಕುರುಪ್ ಸಾರ್ ಕೂತಿದ್ದರು. ಕಂಪನಿಯೊಂದರ ಆಡಿಟರ್, ಕೂದಲು ಸೀಳುವ ಮನುಷ್ಯ, ಆದರೆ ಪ್ರಾಮಾಣಿಕರು. ಅಭ್ಯರ್ಥಿಗಳಲ್ಲಿ ಬಂದಿದ್ದವಳು ಝೊಹರಾ ಒಬ್ಬಳೇ. ಉಳಿದ ಐವರಿಗೆ ಬರುವ ಅಭ್ಯಾಸವೇ ಇರಲಿಲ್ಲ. ಕುರುಪ್ ಸಾರ್ ಒಂದೊಂದೇ ನಾಮಪತ್ರವನ್ನು ಮತದಾರರ ಪಟ್ಟಿಗೆ ಹಿಡಿದು ಗುರುತು ಹಾಕುತ್ತಾ ಬಂದು ಆರನೆಯದರಲ್ಲಿ ನಿಂತರು. ಅಫ್ರಾಳ ಮನೆಯ ಓಟು ಇಸ್ಮಾಯಿಲ್ ಹೆಸರಿನಲ್ಲಿತ್ತು. ಝೊಹರಾ ಎಂಬ ಹೆಸರೇ ಪಟ್ಟಿಯಲ್ಲಿರಲಿಲ್ಲ.

ಆ ಪ್ರವೇಶದ ದಿನ ನನಗೆ ಸ್ಪಷ್ಟವಾಗಿ ನೆನಪಿತ್ತು. ಪಾಲಕರು ಎಂಬಲ್ಲಿ ಝೊಹರಾ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಿದ್ದಳು, ಗಂಡ ಖಸಬ್‌ನಲ್ಲಿ ಇರುವುದು, ಶಾಲೆಗೆ ಓಡಾಡುವುದು ನಾನೇ ಎಂದು ಹೇಳಿಯೂ ಇದ್ದಳು. ಇಲ್ಲಿಯ ಕ್ರಮ ಹಾಗಲ್ಲಮ್ಮ ಎಂದು ನಾನು ಪೆನ್ಸಿಲಿನಲ್ಲಿ ಎರಡು ಬಾಣ ಹಾಕಿದ್ದೆ. ಅವಳು ಈಗ ಅದನ್ನೇ ಕುರುಪ್ ಸಾರಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಅರ್ಜಿಯಲ್ಲಿ ನನ್ನ ಹೆಸರೇ ಮೊದಲು ಇದೆ, ಸಹಿಯೂ ನನ್ನದೇ ಎಂದು. ಕುರುಪ್ ಸಾರ್ ನಿಯಮಾವಳಿ ತಿರುವಿದರು. ಕಚೇರಿಯಿಂದ ತಪ್ಪಾಗಿದ್ದರೆ ಮೂಲ ಅರ್ಜಿ ನೋಡಿ ಪಟ್ಟಿ ಸರಿಪಡಿಸಬಹುದು, ಆದರೆ ಪರಿಶೀಲನೆ ಮುಗಿಯುವ ಒಳಗೆ, ಅಂದರೆ ಅಂದು ಮಧ್ಯಾಹ್ನ ಎರಡು ಗಂಟೆಯ ಒಳಗೆ. ಆಗ ಹನ್ನೆರಡೂವರೆ. ಅವರು ನನ್ನ ಕಡೆ ತಿರುಗಿ ಮೂಲ ಅರ್ಜಿ ತರಿಸಲಾದೀತೇ ಎಂದು ಕೇಳಿದರು.

ಅದು ಕೆಳಗೆ, ನನ್ನ ಕುರ್ಚಿಯ ಹಿಂದಿನ ಸ್ಟೀಲ್ ಕಪಾಟಿನ ಮೂರನೆಯ ಖಾನೆಯಲ್ಲಿತ್ತು. ಇಳಿದು ಹತ್ತಲು ಐದು ನಿಮಿಷ.

"ಹಳೆಯ ಅರ್ಜಿಗಳೆಲ್ಲ ರುಸೈಲಿನ ಗೋಡೌನಿಗೆ ಹೋಗಿವೆ ಸಾರ್," ಎಂದೆ. "ಇವತ್ತು ಸಿಗಲಿಕ್ಕಿಲ್ಲ."

ಯಾಕೆ ಹಾಗೆ ಹೇಳಿದೆ ಎಂದು ನೀವು ಕೇಳಬಹುದು. ಎಕ್ಸ್‌ಟೆನ್ಷನ್ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು, ಆ ಅರ್ಜಿ ಮೇಲೆ ಬಂದರೆ ನನ್ನ ಪೆನ್ಸಿಲಿನ ಬಾಣವೂ ಬರುತ್ತಿತ್ತು. ಒಂದು ಬಾಣ ಬಂದರೆ ಅಷ್ಟು ವರ್ಷ ನಾನು ಪಟ್ಟಿಯಿಂದ ಹೊರಗಿಟ್ಟ ಅಮ್ಮಂದಿರೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದರು, ಕಚೇರಿಯ ತಪ್ಪು ಎಂದು ನಾನು ಬರೆದು ಸಹಿ ಮಾಡಬೇಕಾಗುತ್ತಿತ್ತು. ಬೇರೆಯವರ ವೈಯಕ್ತಿಕ ಕಾರಣಗಳನ್ನು ನೋಡಿ ಮೂಗು ಮುರಿಯುತ್ತಿದ್ದವಳು ನಾನು. ನನ್ನದು ಬಂದಾಗ ಬಾಯಿಯಿಂದ ಅಷ್ಟು ಸಲೀಸಾಗಿ ಜಾರಿತು. ಝೊಹರಾ ನನ್ನ ಮುಖ ನೋಡಿದಳು. ಅವಳು ನಂಬಿದಳು. ಖಸಬ್‌ನಿಂದ ಗಂಡನನ್ನು ಕರೆಸಿ ಅವನ ಹೆಸರಿನಲ್ಲಿ ಹಾಕಬಹುದೇ ಎಂದು ಕೇಳಿದಳು. ನಾಮಪತ್ರದ ಕಾಲ ಹಿಂದಿನ ದಿನವೇ ಮುಗಿದಿತ್ತು. ಕುರುಪ್ ಸಾರ್ ಎರಡು ಗಂಟೆಯವರೆಗೆ ಕಾದರು, ಯಾರೂ ಏನೂ ತರಲಿಲ್ಲ, ಆಮೇಲೆ ತಿರಸ್ಕೃತ ಎಂದು ಬರೆದರು. ಪಾಪ, ಅವಳಿಗೆ ಕ್ಷಮೆಯನ್ನೂ ಕೇಳಿದರು.

ಸಂಜೆ ನನ್ನ ಡ್ರಾಯರಿನಿಂದ ಸಿದ್ಧ ಕಾಗದ ತೆಗೆದು ದಿನಾಂಕ ತುಂಬಿ ಬೋರ್ಡಿಗೆ ಹಾಕಿದೆ. ಐವರೂ ಅವಿರೋಧ. ಝೊಹರಾ ಇಲ್ಲಿನ ಭಾರತೀಯ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಮೇಲಿನ ಮಂಡಳಿಗೆ ದೂರು ಬರೆದಳು. ಫಲಿತಾಂಶ ಪ್ರಕಟವಾಗಿರುವುದರಿಂದ ಈ ಹಂತದಲ್ಲಿ ಏನೂ ಮಾಡಲಾಗದು ಎಂಬ ಎರಡು ಸಾಲಿನ ಉತ್ತರ ಬಂತು. ಹೊಸ ಸಮಿತಿ ಎಂಬ ಹಳೆಯ ಸಮಿತಿಯ ಮೊದಲ ಮೀಟಿಂಗಿನಲ್ಲಿ ಎರಡೇ ವಿಷಯ ಇದ್ದವು. ಒಂದು ರೋಬೋಟಿಕ್ಸ್ ಲ್ಯಾಬ್, ಇನ್ನೊಂದು ನನ್ನ ಎಕ್ಸ್‌ಟೆನ್ಷನ್. ಎರಡಕ್ಕೂ ಯಾರ ವಿರೋಧವೂ ಇರಲಿಲ್ಲ. ನಡಾವಳಿ ಟೈಪು ಮಾಡಿದವಳು ನಾನೇ. ರಘುರಾಮಣ್ಣ ಮಾತು ತಪ್ಪಲಿಲ್ಲ, ಟ್ಯೂಷನ್‌ಗೆ ಒಬ್ಬಳನ್ನು ಕಳಿಸಿದರು. ಆ ಹುಡುಗಿಗೆ ಅಂಥ ಮಕ್ಕಳಿಗೆ ಕಲಿಸಿ ಗೊತ್ತಿರಲಿಲ್ಲ, ಎರಡು ವಾರಕ್ಕೆ ಬಿಟ್ಟಳು.

ಮಾರ್ಚ್ ಕೊನೆಯಲ್ಲಿ ಝೊಹರಾ ಟಿಸಿ ಕೇಳಿಕೊಂಡು ಬಂದಳು. ಅಫ್ರಾ ಜೊತೆಗಿದ್ದಳು. ವಿಮಾನಕ್ಕೆ ಇನ್ನು ಮೂರು ದಿನ ಇತ್ತು, ಅಜ್ಜಿ ಮಂಗಳೂರಿಗೆ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಝೊಹರಾ ಹೇಳಿದಳು. ಉಮ್ಮ ಕಮಿಂಗ್ ಆಫ್ಟರ್ ರಮದಾನ್, ಎಂದು ಅಫ್ರಾ ಅಮ್ಮನನ್ನು ತೋರಿಸಿ ನನಗೆ ತಿಳಿಸಿದಳು. ಅದು ಎಷ್ಟು ದಿನ ಎಂದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಹೊರಗಿನ ಬೋರ್ಡು ಓದಲು ಓಡಿದಳು.

ಟಿಸಿ ಬರೆಯುವುದಕ್ಕೆ ಒಂದು ಕ್ರಮ ಇದೆ. ಕಂಪ್ಯೂಟರಿನಲ್ಲಿ ಏನೇ ಇರಲಿ, ಜನ್ಮದಿನಾಂಕ, ಹೆಸರು ಎಲ್ಲವನ್ನೂ ಮೂಲ ಅರ್ಜಿಗೆ ಹಿಡಿದು ನೋಡಿಯೇ ಬರೆಯಬೇಕು. ಸಾವಿರಾರು ಸಲ ಮಾಡಿದ ಕೆಲಸ. ನಾನು ಯೋಚಿಸಲಿಲ್ಲ. ಕುರ್ಚಿ ತಿರುಗಿಸಿ, ಕಪಾಟಿನ ಮೂರನೆಯ ಖಾನೆಯಿಂದ ಅಫ್ರಾಳ ಫೈಲು ಎಳೆದು, ಮೇಜಿನ ಮೇಲೆ ಬಿಡಿಸಿ ಇಟ್ಟೆ. ಇಟ್ಟ ಮೇಲೆ ನನಗೆ ಗೊತ್ತಾಯಿತು. ಅವಳ ದೊಡ್ಡ ಅಕ್ಷರಗಳು, ನನ್ನ ಎರಡು ಬಾಣ, ಕೆಳಗೆ ಅವಳ ಸಹಿ, ಎಲ್ಲ ನಮ್ಮಿಬ್ಬರ ನಡುವೆ ಬಿದ್ದಿದ್ದವು. ಝೊಹರಾ ಅದನ್ನು ಬಹಳ ಹೊತ್ತು ನೋಡಿದಳು.

"ಗೋಡೌನಿಂದ ಯಾವಾಗ ಬಂತು ಅಕ್ಕ?" ಎಂದು ಕೇಳಿದಳು.

"ಹೋಗಿಯೇ ಇರ್ಲಿಲ್ಲ," ಎಂದೆ. ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ, ಆದರೆ ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ.

ಹೊರಗಿನಿಂದ ಅಫ್ರಾ ಬೋರ್ಡಿನ ಮೇಲಿನ ಒಂದೊಂದೇ ಪದವನ್ನು ಗಟ್ಟಿಯಾಗಿ ಓದುವುದು ಕೇಳುತ್ತಿತ್ತು. ಝೊಹರಾ ಅರ್ಜಿಯನ್ನು ನನ್ನ ಕಡೆಗೆ ತಿರುಗಿಸಿ ಸರಿಯಾಗಿ ಇಟ್ಟಳು.

"ಹುಟ್ಟಿದ ದಿನ ಸರಿ ನೋಡಿ ಬರೀರಿ," ಎಂದಳು. "ಅಲ್ಲಿಯ ಶಾಲೆಯಲ್ಲಿ ಒಂದು ಅಕ್ಷರ ಆಚೆ ಈಚೆ ಆದ್ರೂ ತಗೊಳ್ಳುದಿಲ್ಲ ಅಂತೆ."

ನಾನು ಎರಡು ಸಲ ನೋಡಿ ಬರೆದೆ.